ಒಂದು ಮೊರ ತೌಡು

ಯಾರಾದರೂ ಹೆಸರು ಹೇಳಿದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಹೇಳುವ ಮುಂಚೆ ಒಂದು ಗಳಿಗೆ ತಡೆದರೆ ಆ ಹೆಸರು ಸುಳ್ಳು. ತಡೆಯದೆ ಗಳಗಳನೆ ಹೇಳಿದರೆ ಅದು ಬಾಯಿಪಾಠ ಮಾಡಿದ ಸುಳ್ಳು. ತಿತಿಮತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಹದಿನೆಂಟು ವರ್ಷ ರೈಟರ್ ಆಗಿದ್ದ ಸಿದ್ದಬಸಪ್ಪ ನಾನು. ದಿನಾ ಬೆಳಿಗ್ಗೆ ಹಾಜರಿ ಕೂಗುವುದು ನನ್ನ ಕೆಲಸ. ಬೇರೆ ತೋಟದಿಂದ ತಪ್ಪಿಸಿಕೊಂಡು ಬಂದವರು, ಹೆಂಡತಿಯನ್ನು ಬಿಟ್ಟು ಬಂದವರು, ಗಂಡನಿಂದ ಓಡಿ ಬಂದವರು, ಎಲ್ಲರೂ ನನ್ನೆದುರು ನಿಂತು ಹೊಸ ಹೆಸರು ಹೇಳುತ್ತಿದ್ದರು. ನಂಬುತ್ತ ಕೂತಿದ್ದರೆ ತೋಟದ ಇಂಗ್ಲಿಷ್ ದೊರೆ ನನ್ನನ್ನು ಎಂದೋ ಮನೆಗೆ ಕಳಿಸುತ್ತಿದ್ದರು. ಆದರೆ ನಂಬದೆ ಮಾಡಿದ ಒಂದು ಅನ್ಯಾಯ ನನ್ನ ಎದೆಯಲ್ಲಿ ಕೂತಿದೆ. ಅದನ್ನು ಹೇಳಬೇಕಾದರೆ ನಮ್ಮ ಕೂಲಿಯವರ ಮನೆಸಾಲು, ಅಂದರೆ ಲೈನಿನ ಸೂಲಗಿತ್ತಿ ಮುತ್ತಿಯ ಬಾಳನ್ನೇ ಹೇಳಬೇಕು.

ಮುತ್ತಿ ಪಿರಿಯಾಪಟ್ಟಣದ ಕಡೆಯವಳು. ಇಲ್ಲಿ ಇನ್ನೂ ಕಾಡು ಕಡಿದು ಗಿಡ ನೆಡುತ್ತಿದ್ದ ಕಾಲಕ್ಕೇ ಗಂಡನ ಹಿಂದೆ ಬಂದವಳು. ಗಂಡ ಮಲೆಜ್ವರದಲ್ಲಿ ಹೋದ. ಹೆತ್ತ ಐದು ಮಕ್ಕಳೂ ಹೋದವು. ರಾಮ, ಲಕ್ಷ್ಮಿ, ಗೌರಿ, ಶಿವ, ಪಾರ್ವತಿ ಎಂದು ದೇವರ ಹೆಸರುಗಳನ್ನೇ ಹುಡುಕಿ ಇಟ್ಟಿದ್ದಳಂತೆ. ಆಮೇಲೆ ಅವಳು ಊರಿಗೆ ಹಿಂದಿರುಗಲಿಲ್ಲ. ಪಿಕಿಂಗ್ ಕಾಲದಲ್ಲಿ ಹಣ್ಣು ಕೊಯ್ಯುತ್ತ, ಉಳಿದ ಕಾಲದಲ್ಲಿ ಕಳೆ ಕೀಳುತ್ತ, ಲೈನಿನಲ್ಲಿ ಯಾವ ಜಾತಿಯ ಯಾವ ಭಾಷೆಯ ಹೆಂಗಸಿಗೆ ನೋವು ಬಂದರೂ ಸೆರಗು ಕಟ್ಟಿ ಹೋಗಿ ಕೂರುತ್ತಿದ್ದಳು. ಬಾಯಲ್ಲಿ ಸದಾ ಹೊಗೆಸೊಪ್ಪು, ಮಾತು ಕಡಿಮೆ. ಮಾತು ಕಡಿಮೆ ಇದ್ದವರನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ.

ಹಾಜರಿ ಪುಸ್ತಕದ ಜೊತೆಗೆ ನಾನು ನನ್ನದೇ ಒಂದು ನೋಟುಬುಕ್ಕು ಇಟ್ಟಿದ್ದೆ. ಪ್ರತಿಯೊಬ್ಬನ ಹೆಸರಿನ ಅರ್ಥ ಕೇಳಿ ಬರೆದುಕೊಳ್ಳುತ್ತಿದ್ದೆ. ಅರ್ಥ ಹೇಳಲು ತಡವರಿಸುವವನ ಹೆಸರು ಅವನದಲ್ಲ ಎಂಬುದು ನನ್ನ ಲೆಕ್ಕ. ಸೇಲಂ ಕಡೆಯ ಕುಪ್ಪನ್ ತನ್ನ ಹೆಸರಿಗೆ ಕಸ ಎಂದು ಅರ್ಥ ಹೇಳಿದ. ನಮ್ಮ ತಿಪ್ಪನದು ಕೇಳುವುದೇ ಬೇಡ. ಚಿತ್ತೂರಿನಿಂದ ಬಂದ ಪೆಂಟಯ್ಯನನ್ನು ಕೇಳಿದರೆ ತೆಲುಗಿನಲ್ಲಿ ಪೆಂಟ ಅಂದರೂ ತಿಪ್ಪೆಯೇ ಎಂದ. ಗಾಡಿ ಹೊಡೆಯುವ ಮರಾಠಿ ದಗಡು ಎಂದರೆ ಕಲ್ಲು. ಕೊಡವರಲ್ಲಿ ಈ ಗೋಜಿಲ್ಲ. ಅಲ್ಲಿ ಪೊನ್ನಮ್ಮ ಎಂದರೆ ಹೊನ್ನು, ಇಲ್ಲವೇ ತೀರಿಹೋದ ಹಿರಿಯನ ಹೆಸರು ಮೊಮ್ಮಗನಿಗೆ. ಪಕ್ಕದ ತೋಟದ ಕುಟ್ಟಪ್ಪನವರ ಅಜ್ಜನೂ ಕುಟ್ಟಪ್ಪನೇ. ಆದರೆ ನಮ್ಮ ಲೈನಿನಲ್ಲಿ ಮಾತ್ರ ನಾಲ್ಕು ಭಾಷೆಯಲ್ಲೂ ಕಸ, ತಿಪ್ಪೆ, ಕಲ್ಲು. ತಿಪ್ಪಣ್ಣ ಎಂಬ ಹೆಸರು ನಮ್ಮೂರಲ್ಲೂ ಇತ್ತು, ಬಡವರು ಇಟ್ಟುಕೊಳ್ಳುವ ಹೆಸರು ಎಂದುಕೊಂಡಿದ್ದೆ. ಇಷ್ಟು ಜನ ಒಂದೇ ಕಡೆ ಸೇರಿದಾಗ ಅನುಮಾನ ಬಲಿಯಿತು. ಯಾವ ತಾಯಿ ತನ್ನ ಮಗನನ್ನು ಕಸ ಎಂದು ಕರೆಯುತ್ತಾಳೆ? ಇವೆಲ್ಲ ನಿಜವಾದ ಹೆಸರು ಮುಚ್ಚಿಡಲು ಯಾರೋ ಕಲಿಸಿಕೊಟ್ಟವು ಎಂದು ತೀರ್ಮಾನಿಸಿದೆ.

ಈ ವಿಷಯದಲ್ಲಿ ನನಗೆ ಅಷ್ಟು ಉರಿ ಏಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಶನಿವಾರಸಂತೆಯ ನಮ್ಮ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದುದು ತೌಡ ಎಂದು. ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಬೆಳ್ಳಮ್ಮ, ಜಗಳ ಬಂದಾಗಲೆಲ್ಲ, ನಿನ್ನನ್ನು ಒಂದು ಮೊರ ತೌಡು ಕೊಟ್ಟು ತಂದದ್ದು ಎಂದು ಹಂಗಿಸುತ್ತಿದ್ದಳು. ಅವಳ ಮಾತು ಹೋಗಲಿ. ಮನೆಗೆ ಬಂದವರು ನಿನ್ನ ಮಗನೇ ಎಂದು ಕೇಳಿದರೆ ಅವ್ವ ನನ್ನ ಕಡೆ ನೋಡದೆಯೇ, ನಂದಲ್ಲ, ಯಾರದೋ, ಎನ್ನುತ್ತಿದ್ದಳು. ನನಗೆ ಆರು ವರ್ಷವಾದಾಗ ಅವ್ವ ತೀರಿಕೊಂಡಳು. ಕೇಳಬೇಕಾದ್ದನ್ನು ಕೇಳಲಾಗಲಿಲ್ಲ. ನನ್ನ ಮೂಗು ಅಪ್ಪನದೋ ಅಲ್ಲವೋ ಎಂದು ಕನ್ನಡಿಯಲ್ಲಿ ನೋಡಿ ನೋಡಿಯೇ ಬೆಳೆದವನು ನಾನು.

ದೊಡ್ಡ ಯುದ್ಧ ಮುಗಿದು ಎಂಟನೆಯ ವರ್ಷ, ಮುಂಗಾರು ಹಿಡಿಯುವ ಮುನ್ನಿನ ಒಂದು ಬೆಳಿಗ್ಗೆ. ಹಾಜರಿಗೆ ಬಾರದವರನ್ನು ಎಬ್ಬಿಸಲು ಲೈನಿನ ಹಿಂಬದಿಯಿಂದ ಹೋಗುತ್ತಿದ್ದೆ. ಮುತ್ತಿ ಒಂದು ಎಳೆಗೂಸನ್ನು ತಂದು ತಿಪ್ಪೆಯ ಮೇಲೆ, ಹರಕು ಗೋಣಿಯಲ್ಲಿ ಮಲಗಿಸಿದಳು. ಆಮೇಲೆ ಹೋಗಿಬಿಟ್ಟಳು. ನಾನು ಸಿಲ್ವರ್ ಮರದ ಮರೆಗೆ ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಇನ್ನೊಂದು ದಾರಿಯಿಂದ ಬಂದು, ಆಗಷ್ಟೇ ಕಂಡವಳ ಹಾಗೆ ಕೂಸನ್ನು ಎತ್ತಿಕೊಂಡು, ನಿಂಗನ ಮನೆಯ ಹಿಂಬಾಗಿಲಿಗೆ ಹೋದಳು. ಯಾರದೋ ಕೂಸು ಬಿದ್ದಿದೆ, ಬೇಕೇ ಎಂದು ಗಟ್ಟಿಯಾಗಿ ಕೇಳಿದಳು. ನಿಂಗನ ಹೆಂಡತಿ ಚೋಮಿ ಒಳಗಿನಿಂದ ಒಂದು ಮೊರ ಚಾಚಿದಳು. ಮೊರದ ತುಂಬ ತೌಡು. ಮುತ್ತಿ ತೌಡನ್ನು ಮಡಿಲಿಗೆ ಸುರಿದುಕೊಂಡು ಕೂಸನ್ನು ಮೊರದಲ್ಲಿ ಇಟ್ಟಳು.

ನನಗೆ ಉರಿದುಹೋಯಿತು. ಅಂದರೆ ಇದು ನಡೆಯುವಂಥದ್ದೇ. ನನ್ನನ್ನೂ ಯಾವಳೋ ಹೀಗೇ ಕದ್ದು ಹೀಗೇ ಮಾರಿದ್ದಾಳೆ. ಚೋಮಿ ಬಸುರಿ ಎಂದು ನನಗೆ ಗೊತ್ತಿತ್ತು. ಅವಳ ಮೊದಲ ಎರಡು ಮಕ್ಕಳು ಸತ್ತದ್ದನ್ನು ಪುಸ್ತಕದಲ್ಲಿ ಬರೆದವನೂ ನಾನೇ. ಮೂರನೆಯದೂ ಹೋಗಿರಬೇಕು, ಅದರ ಜಾಗಕ್ಕೆ ಮುತ್ತಿ ಯಾವ ಕಾಡುಜನರ ಹಾಡಿಯಿಂದಲೋ ಯಾವ ತೋಟದಿಂದಲೋ ಬೇರೊಂದನ್ನು ಹಾರಿಸಿಕೊಂಡು ಬಂದಿದ್ದಾಳೆ ಎಂದು ಎಣಿಸಿದೆ. ನೇರ ಹೋಗಿ ಯಾರ ಕೂಸಿದು ಎಂದು ಚೋಮಿಯನ್ನು ಕೇಳಿದೆ.

"ನಂದಲ್ಲ ಬುದ್ದಿ. ತಿಪ್ಪೇಲಿ ಸಿಕ್ತು. ತೌಡು ಕೊಟ್ಟು ತಕ್ಕಂಡೆ," ಎಂದಳು. ನನ್ನ ಕಡೆ ನೋಡಲಿಲ್ಲ, ಕೂಸಿನ ಕಡೆಯೂ ನೋಡಲಿಲ್ಲ.

ಹತ್ತು ಗಂಟೆಗೆ ಇಬ್ಬರನ್ನೂ ಬಂಗಲೆಯ ಜಗಲಿಯಲ್ಲಿ ನಿಲ್ಲಿಸಿದೆ. ಹಸಿ ಬಾಣಂತಿಯನ್ನು ಅಷ್ಟು ದೂರ ನಡೆಸಿದೆನಲ್ಲ, ಅದು ಈಗ ನೆನೆದರೂ ನಾಚಿಕೆಯಾಗುತ್ತದೆ. ದೊರೆಗೆ ಕನ್ನಡ ಅಲ್ಪಸ್ವಲ್ಪ ಬರುತ್ತಿತ್ತು, ಉಳಿದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಕೂಸು ಮಾರಿದ್ದು ನಿಜವೇ ಎಂದು ಮುತ್ತಿಯನ್ನು ಕೇಳಿದರು. ಮಾರಿದೆ ಎಂದಳು. ಎಷ್ಟಕ್ಕೆ? ಒಂದು ಮೊರ ತೌಡಿಗೆ. ಹೆತ್ತವಳು ಯಾರು? ಗೊತ್ತಿಲ್ಲ. ಚೋಮಿಯನ್ನು ಎರಡು ಸಲ ಕೇಳಿದರು. ಎರಡು ಸಲವೂ ನಂದಲ್ಲ ಎಂದಳು. ಮಕ್ಕಳ ಮಾರಾಟ ಪೊಲೀಸರ ವಿಷಯ, ಮುದುಕಿಯನ್ನು ಗೋಣಿಕೊಪ್ಪಲಿಗೆ ಕಳಿಸೋಣ ಎಂದು ದೊರೆ ಚೀಟಿ ಬರೆಯತೊಡಗಿದರು. ನನಗೆ ಒಳಗೊಳಗೇ ಹಿಗ್ಗು. ಮೂವತ್ತು ವರ್ಷ ಹಿಂದೆ ನನ್ನನ್ನು ಮಾರಿದವಳನ್ನೇ ಹಿಡಿದ ಹಾಗಿತ್ತು.

ಅಷ್ಟರಲ್ಲಿ ಮುತ್ತಿಯ ಕೈಯಲ್ಲಿದ್ದ ಕೂಸು ಅಳತೊಡಗಿತು. ಚೋಮಿ ಕಂಬದ ಹಾಗೆ ನಿಂತಿದ್ದಳು, ಕಣ್ಣು ನೆಲದಲ್ಲಿ. ಆದರೆ ಅವಳ ಸೀರೆಯ ಎದೆಭಾಗ ಒದ್ದೆಯಾಗುತ್ತ ಬಂತು. ಕೂಸು ಅತ್ತಷ್ಟೂ ಒದ್ದೆ ಹರಡಿತು. ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. ನಾನು ಮುತ್ತಿಯನ್ನು ನೋಡಿದೆ. ಜೈಲಿಗೆ ಹೋಗಲು ಸಿದ್ಧವಾಗಿ ನಿಂತಿದ್ದ ಆ ಮುದುಕಿ, ಹೇಳಬೇಡ ಎನ್ನುವ ಹಾಗೆ ಚೋಮಿಗೆ ತಲೆಯಾಡಿಸುತ್ತಿದ್ದಳು.

ನನ್ನ ನೋಟುಬುಕ್ಕು ನನಗೆ ಅರ್ಥವಾದದ್ದು ಆಗ. ಕುಪ್ಪನ್, ತಿಪ್ಪ, ಪೆಂಟಯ್ಯ, ದಗಡು. ನಾಲ್ಕು ಭಾಷೆಯ ತಾಯಂದಿರು ಒಂದೇ ಸುಳ್ಳು ಹೇಳಿದ್ದರು, ಆದರೆ ಹಾಜರಿ ಬರೆಯುವ ನನಗಲ್ಲ. ಮೊದಲ ಮಕ್ಕಳನ್ನು ಒಯ್ದದ್ದು ಯಾವುದೋ ಅದಕ್ಕೆ. ಇದು ನನ್ನ ಕೂಸಲ್ಲ, ಯಾರಿಗೂ ಬೇಡವಾದ ಕಸ, ತೌಡಿಗೆ ಸಿಕ್ಕಿದ್ದು, ನಿನಗೂ ಬೇಡ. ನನ್ನದು ಎಂದು ಚೋಮಿ ಒಂದೇ ಒಂದು ಸಲ ಬಾಯಿಬಿಟ್ಟರೆ ಮುತ್ತಿ ಉಳಿಯುತ್ತಿದ್ದಳು, ಅವಳ ಲೆಕ್ಕದಲ್ಲಿ ಕೂಸು ಉಳಿಯುತ್ತಿರಲಿಲ್ಲ.

ದೊರೆಯ ಲೇಖನಿ ಇನ್ನೂ ಓಡುತ್ತಿತ್ತು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಕೂಸು ಚೋಮಿಯದೇ, ತಪ್ಪು ನನ್ನದು ಎಂದೆ. ಹಾಗಾದರೆ ಅವಳೇ ಏಕೆ ಹೇಳುವುದಿಲ್ಲ ಎಂದು ಅವರು ಕೇಳಿದರು. ಹೇಳಿದರೆ ಕೂಸು ಸಾಯುತ್ತದೆಂದು ಅವಳ ಭಯ ಎಂದೆ. ದೊರೆ ಚೋಮಿಯ ಎದೆಯ ಒದ್ದೆಯನ್ನೂ ನನ್ನ ಮುಖವನ್ನೂ ನೋಡಿ, ಚೀಟಿ ಹರಿದು, ಒಳಗೆ ಹೋದರು.

ಕೆಳಗೆ ಇಳಿಯುವಾಗ ಚೋಮಿ ಕೂಸನ್ನು ಅವುಚಿಕೊಂಡು ಮುಂದೆ ನಡೆದಳು. ಮುತ್ತಿ ನಿಂತು ನನ್ನ ದಾರಿ ತಡೆದಳು. ನಾನು ಎಲ್ಲರನ್ನೂ ನೋಡುವ ಹಾಗೆ ಆವತ್ತು ಅವಳು ನನ್ನನ್ನು ನೋಡಿದಳು.

"ಇಂಗ್ಲೀಸ್ನಲ್ಲಿ ಏನಂದ್ರಿ ರೈಟ್ರೇ? ನಿಜ ಗಿಜ ಅಂದ್ರಾ?"

ಇಲ್ಲ ಎಂದೆ. ತಿಪ್ಪೆಯಲ್ಲಿ ಸಿಕ್ಕಿದ್ದನ್ನು ಮಾರಿದರೆ ತಪ್ಪಿಲ್ಲ ಎಂದು ಹೇಳಿ ಒಪ್ಪಿಸಿದೆ ಎಂದೆ. ಅವಳು ನಂಬಲಿಲ್ಲ, ಆಣೆ ಕೇಳಿದಳು. ಜನ್ಮವೆಲ್ಲ ಬೇರೆಯವರ ಸುಳ್ಳು ಹಿಡಿದವನು ನಾನು, ಕೊರಳ ಲಿಂಗ ಮುಟ್ಟಿ ಸುಳ್ಳು ಆಣೆ ಇಟ್ಟೆ. ಆಗ ಅವಳು ದಾರಿ ಬಿಟ್ಟಳು. ಯಾಕೋ ನನಗೂ ತಡೆಯಲಾಗಲಿಲ್ಲ. ನನ್ನನ್ನೂ ಒಂದು ಮೊರ ತೌಡಿಗೇ ತಂದದ್ದಂತೆ ಎಂದುಬಿಟ್ಟೆ.

ಅವಳು ನಗಲಿಲ್ಲ. "ನಿಮ್ಗಿಂತ ಮುಂಚೆ ಎಷ್ಟು ಹೋಗಿದ್ವು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹಾಗೆ ಕೇಳಬಹುದೆಂದೇ ಹೊಳೆದಿರಲಿಲ್ಲ.

ಆ ಮಳೆಗಾಲದಲ್ಲಿ ಕೂಸಿಗೆ ಒಂದು ವಾರ ಜ್ವರ ಬಂತು. ನಾನು ಆಡಿದ ಇಂಗ್ಲಿಷು ಯಾರ ಕಿವಿಗೆ ಬಿತ್ತೋ ಎಂದು ಆ ವಾರ ನನಗೆ ಅನ್ನ ಸೇರಲಿಲ್ಲ. ದಿನಕ್ಕೆ ಮೂರು ಸಲ ಲೈನಿಗೆ ಹೋಗಿ, ಆ ಕಸ ಇನ್ನೂ ಇದೆಯೇ ಎಂದು ಬಾಗಿಲಲ್ಲಿ ಗದರಿಸಿ ಕೇಳಿ ಬರುತ್ತಿದ್ದೆ. ಕೂಸು ಉಳಿಯಿತು. ಮುತ್ತಿಯೇ ತಿಪ್ಪಿ ಎಂದು ಕರೆದಳು, ಪುಸ್ತಕದಲ್ಲಿ ನಾನು ಹಾಗೆಯೇ ಬರೆದುಕೊಂಡೆ, ಅರ್ಥ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಮುತ್ತಿ ತೀರಿಕೊಂಡಾಗ ಹಿಂದೆ ಯಾರೂ ಇಲ್ಲದ ಆ ಹೆಂಗಸಿಗೆ ಮಣ್ಣು ಹಾಕಲು ಲೈನಿನ ಕಸ, ಕಲ್ಲು, ತಿಪ್ಪೆಗಳೆಲ್ಲ ಬಂದು ನಿಂತಿದ್ದವು.

ಅವಳು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಶನಿವಾರಸಂತೆಗೆ ಹೋದದ್ದು ಅವಳ ಮಣ್ಣು ಮುಗಿಸಿಕೊಂಡ ಮೇಲೆಯೇ. ಅಷ್ಟು ವರ್ಷ ಹೆದರಿಕೊಂಡಿದ್ದೆ, ಅದೇ ನಿಜ. ಅಕ್ಕ ಬೆಳ್ಳಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಹುಟ್ಟುವ ಮುಂಚೆ ಎಷ್ಟು ಹೋಗಿದ್ದವು ಎಂದು ಕೇಳಿದೆ. ಅವಳ ಕೈ ನಿಂತಿತು. ಯಾರಿಗೂ, ಅದರಲ್ಲೂ ನಿನಗೆ, ಹೇಳಕೂಡದೆಂದು ಅವ್ವ ಆಣೆ ಹಾಕಿಸಿದ್ದಳು ಎಂದಳು. ಅವ್ವ ಆ ಆಣೆಯನ್ನು ಬಿಡಿಸದೆಯೇ ಹೋದಳಂತೆ. ಸಾಯುವ ದಿನ ನನ್ನನ್ನು ಹತ್ತಿರ ಕರೆಯಲೂ ಹೆದರಿ, ಬಾಗಿಲಾಚೆ ಆಡುತ್ತಿದ್ದವನನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದಳಂತೆ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಮೂಗು ನನ್ನದರ ಹಾಗೆಯೇ ಇತ್ತು.

"ಮೂರು ಹೋಗಿದ್ವು," ಎಂದಳು. "ಹೆಸರು ಮಾತ್ರ ಬಲು ಚೆನ್ನಾಗಿದ್ವು ಕಣೋ ತೌಡ."