ಖುಕ್ರಿಯಲ್ಲಿದ್ದ ರೇವಣಪ್ಪ

ಅಜ್ಜಂಪುರದ ರೇವಣಪ್ಪ ನೌಕಾಪಡೆಯಿಂದ ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಂಡಿದ್ದ. 1989ರ ಆಗಸ್ಟ್‌ನ ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಅದೇ ಊರಿನ ಹನುಮಂತಪ್ಪ ಪತ್ರಿಕೆ ಓದುತ್ತಾ, "ಹೊಸ ಯುದ್ಧನೌಕೆಗೆ ಖುಕ್ರಿ ಅಂತ ಹೆಸ್ರಿಟ್ಟವ್ರೆ ಕಣೋ. ನಿನ್ ಹಡಗಿನ ಹೆಸ್ರಲ್ವಾ? ಹಂಗಾದ್ರೆ ಇದೂ ಮುಳುಗ್ತದೆ ಬಿಡು" ಎಂದು ನಕ್ಕ.

ರೇವಣಪ್ಪ ಕೈಯಲ್ಲಿದ್ದ ಗಾಜಿನ ಲೋಟದಿಂದಲೇ ಅವನ ಮುಖಕ್ಕೆ ಹೊಡೆದ. ಲೋಟ ಒಡೆದು ಹುಬ್ಬು ಸೀಳಿತು. ಬಿದ್ದವನ ಎದೆಯ ಮೇಲೆ ಕೂತು ಗುದ್ದುತ್ತಿದ್ದವನನ್ನು ನಾಲ್ಕು ಜನ ಎಳೆಯಬೇಕಾಯಿತು.

ಮನೆಯಲ್ಲಿ ಹೆಂಡತಿ ಕರಿಬಸಮ್ಮ ಅವನ ಅಂಗೈಯಿಂದ ಗಾಜಿನ ಚೂರು ತೆಗೆಯುತ್ತಾ, "ಏನಾಯ್ತು ನಿಮ್ಗೆ?" ಎಂದಳು.

ಹದಿನೆಂಟು ವರ್ಷ ಬಾಯಿಬಿಡದವನು ಅಂದು ಹೇಳಿದ. ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುವಿನ ಟಾರ್ಪಿಡೊ ಬಡಿದು ಹಳೆಯ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತ್ತು. ಎಣ್ಣೆ ತುಂಬಿದ ಸಮುದ್ರಕ್ಕೆ ಬಿದ್ದ ರೇವಣಪ್ಪನ ಕಾಲನ್ನು ಯಾರೋ ಒಬ್ಬ ತಬ್ಬಿ ಹಿಡಿದ. ಇಬ್ಬರೂ ಮುಳುಗತೊಡಗಿದರು. ರೇವಣಪ್ಪ ಇನ್ನೊಂದು ಕಾಲಿನಿಂದ ಅವನ ಮುಖಕ್ಕೆ ಒದ್ದ. ಮೂಗು ಮುರಿದದ್ದು ಹಿಮ್ಮಡಿಗೆ ಗೊತ್ತಾಯಿತು. ಆದರೂ ಹಿಡಿತ ಬಿಡುವತನಕ ಒದ್ದ.

"ಯಾರ್ರೀ ಅವನು?"

"ಮುಖದ ತುಂಬಾ ಎಣ್ಣೆ ಕಣೇ, ಗುರುತು ಸಿಗ್ಲಿಲ್ಲ. ನೇವಿಲಿ ಹಡಗಿನ ಹೆಸ್ರು ಸಾಯಕ್ಕೆ ಬಿಡಲ್ಲ, ಹೊಸದಕ್ಕೆ ಇಡ್ತಾರೆ. ನಾನು ಒದ್ದು ಸಾಯ್ಸಿದವನ ಹೆಸ್ರು ನಂಗೇ ಗೊತ್ತಿಲ್ಲ."

ಕರಿಬಸಮ್ಮ ಕೊನೆಯ ಚೂರನ್ನೂ ತೆಗೆದಳು. ಆಮೇಲೆ ಅವನ ಕೈಗೆ ಬಟ್ಟೆ ಸುತ್ತಿ, "ಏಳಿ, ಹನುಮಂತಣ್ಣನ ಮನೆಗೆ ಹೋಗಾಣ. ಅವ್ರಿಗೆ ಹೊಲಿಗೆ ಹಾಕಿಸ್ಬೇಕು" ಎಂದಳು. ರೇವಣಪ್ಪ ಎದ್ದು ಅವಳ ಹಿಂದೆ ನಡೆದ.