ಕಪ್ಪು ಕಲ್ಲು, ಒಂದು

ಬೀದರಿನ ಚಿದ್ರಿಯ ನಮ್ಮ ಓಣಿಯಲ್ಲಿ ಆಗ ಯಾರ ಮನೆಗೂ ಬೀಗ ಇರಲಿಲ್ಲ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಬಾಗಿಲಿಗೆ ಚಿಲಕ ಇತ್ತು, ಅದೂ ನಾಯಿ ನುಗ್ಗಿ ರೊಟ್ಟಿ ಕಚ್ಚಿಕೊಂಡು ಹೋಗಬಾರದು ಅಂತ. ಮಕ್ಕಳಾದ ನಮಗೆ ಆ ಚಿಲಕವೂ ಲೆಕ್ಕಕ್ಕಿರಲಿಲ್ಲ. ಹಸಿವಾದಾಗ ಯಾರ ಮನೆಯ ಹಂಚು ಕಾದಿದೆಯೋ ಆ ಮನೆಗೆ ಹೋಗುವುದು, ಬಿಸಿ ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಸಿಕೊಂಡು ಸುರುಳಿ ಸುತ್ತಿ ತಿನ್ನುತ್ತ ಮತ್ತೆ ಆಟಕ್ಕೆ ಓಡುವುದು. ಇಡೀ ಬೇಸಿಗೆ ಹೀಗೇ ಕಳೆಯುತ್ತಿತ್ತು. ನಿಮ್ಮ ಓಣಿಯಲ್ಲೂ ಹೀಗೇ ಇದ್ದಿರಬೇಕು. ನಮ್ಮ ಓಣಿಗೆ ಬೀಗ ಬಂದದ್ದು ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ. ಹಾಕಿದವರು ಓಣಿಯವರಲ್ಲ.

ಓಣಿಯ ಅರ್ಧ ಗಂಡಸರು ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಚೀಲ ಹೊರುವ ಹಮಾಲರು. ನಮ್ಮಪ್ಪನೂ ಹಮಾಲ. ಸಂಜೆ ಮೊದಲು ಗೋಣಿಚೀಲದ ವಾಸನೆ ಮನೆಯೊಳಗೆ ಬರುತ್ತಿತ್ತು, ಹಿಂದಿನಿಂದ ಅಪ್ಪ ಬರುತ್ತಿದ್ದ. ಅವನ ಅಂಗಿ ಝಾಡಿಸಿದರೆ ತೊಗರಿಯ ಧೂಳು ಎದ್ದು ನನಗೆ ಸೀನು. ಅವ್ವ ಬೇಳೆ ಮಿಲ್ಲಿನಲ್ಲಿ ಬೇಳೆ ಹಸನು ಮಾಡಲು ಹೋಗುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಆಯಿ. ಆಯಿ ಅಂದರೆ ಅಪ್ಪನ ತಾಯಿ, ಭಾಲ್ಕಿ ಕಡೆಯ ಮೆಹಕರದವಳು. ಆಳು ಗಿಡ್ಡ, ಬಾಯಿ ದೊಡ್ಡದು.

ಏಳು ವರ್ಷದವಳಿದ್ದಾಗ ಕೊರಳಿಗೆ ಕಟ್ಟಿಸಿಕೊಂಡ ಇಷ್ಟಲಿಂಗ ಆಯಿಯ ಎದೆ ಮೇಲೆ ಸದಾ ಇರುತ್ತಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ಹನಿ ನೀರೂ ಹಾಕುತ್ತಿರಲಿಲ್ಲ. ಜ್ವರ ಬಂದಾಗಲೂ ಇಲ್ಲ, ಅಜ್ಜ ತೀರಿಕೊಂಡ ದಿನವೂ ಇಲ್ಲ. ನನಗೆ ಮಾತ್ರ ಮುಂಜಾನೆ ಎದ್ದ ಕೂಡಲೇ ಚಹಾದಲ್ಲಿ ಬ್ರೆಡ್ ಅದ್ದಿ ಕೊಡುತ್ತಿದ್ದಳು.

ಮನೆ ಎರಡು ಖೋಲಿಯದು. ಪ್ಲಾಟು ಅಪ್ಪ ಬೆನ್ನು ಸವೆಸಿ ಕೊಂಡದ್ದು. ಕಟ್ಟಲು ಸಾಲ ಕೊಡುತ್ತೇವೆ ಅಂತ ಒಂದು ಫೈನಾನ್ಸಿನ ಹುಡುಗ ಮೋಟರ್‌ಸೈಕಲ್ ಮೇಲೆ ಬಂದು ಓಣಿಯ ಮನೆ ಮನೆಯಲ್ಲೂ ಚಹಾ ಕುಡಿದ. ಅವ್ವನಿಗೆ ಅಕ್ಕಾ ಅಂದ, ಆಯಿಯ ಕಾಲು ಮುಟ್ಟಿದ. ಪ್ಲಾಟಿನ ಕಾಗದ ಕೊಟ್ಟರೆ ಸಾಕು ಅಂದ. ಒಂದೇ ವರ್ಷದಲ್ಲಿ ಒಂಬತ್ತು ಮನೆಗೆ ಸ್ಲ್ಯಾಬು ಬಿತ್ತು. ನಮ್ಮದಕ್ಕೆ ಒಳಗೆ ಗಿಲಾವು ಆಯಿತು, ಹೊರಗೆ ಇಟ್ಟಂಗಿ ಹಾಗೇ ಉಳಿಯಿತು. ಒಳಖೋಲಿಯ ಗೋಡೆಯಲ್ಲಿ ಆಯಿ ತನ್ನ ಎತ್ತರಕ್ಕೆ ಸರಿಯಾಗಿ ದೇವರ ಗೂಡು ಮಾಡಿಸಿಕೊಂಡಳು.

"ಅವ್ವಾ, ನಾವೆಲ್ಲ ಬಗ್ಗಬೇಕಾಗ್ತದ ನೋಡು" ಅಂದ ಅಪ್ಪ.

"ಬಗ್ಗು. ದೇವರ ಮುಂದ ಬಗ್ಗಿದ್ರ ಸೊಂಟ ಮುರಿತದೇನು?"

ಹೊಸ ಸಿಮೆಂಟಿಗೆ ನೀರುಣಿಸುವಾಗ ಬರುತ್ತಿದ್ದ ಆ ತಂಪು ವಾಸನೆ ನನಗೆ ಇನ್ನೂ ನೆನಪಿದೆ. ಗೋಡೆಗೆ ಮೂಗು ಹಚ್ಚಿ ನಿಲ್ಲುತ್ತಿದ್ದೆ.

ಆಮೇಲೆ ಬೇಳೆ ಮಿಲ್ಲು ಬಂದಾಯಿತು. ಅವ್ವನ ಕೆಲಸ ಹೋಯಿತು. ಮಿಲ್ಲಿಗೆ ಬರುವ ಲಾರಿಗಳು ನಿಂತವು, ಅಪ್ಪನಿಗೆ ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಒಂಬತ್ತೂ ಮನೆಯ ಕಂತುಗಳು ಒಂದರ ಹಿಂದೊಂದು ತಪ್ಪಿದವು. ಅದೇ ಹುಡುಗ ಮತ್ತೆ ಬಂದ. ಈ ಸಲ ಚಹಾ ಕುಡಿಯಲಿಲ್ಲ, ಅಕ್ಕಾ ಅನ್ನಲಿಲ್ಲ. ಹೊರಗೆ ನಿಂತು ಬಾಗಿಲಿಗೆ ನೋಟಿಸು ಅಂಟಿಸಿ ಫೋಟೋ ಹೊಡೆದುಕೊಂಡು ಹೋದ.

ಮೊದಲು ಬೀಗ ಬಿದ್ದದ್ದು ನನ್ನ ಗೆಳತಿ ಸುಜಾತಾಳ ಮನೆಗೆ. ಅವಳಪ್ಪ ನಮ್ಮಪ್ಪನ ಜೋಡಿ ಚೀಲ ಹೊರುವವನು, ಅವಳವ್ವ ಬಟ್ಟೆ ಹೊಲಿಯುವವಳು. ಬೀಗದ ಮೇಲೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಅವರು ಔರಾದಕ್ಕೆ ಹೋಗಿ ಅವಳ ಸೋದರಮಾವನ ಮನೆ ಸೇರಿದರು. ಆಮೇಲೆ ಎರಡನೇ ಮನೆ, ಮೂರನೇ ಮನೆ. ಫೈನಾನ್ಸಿನವರ ಜೀಪು ಬಂತೆಂದರೆ ಓಣಿಯ ಹೆಂಗಸರು ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಇವತ್ತು ಯಾರ ಪಾಳಿಯೋ ಅಂತ.

ನಮ್ಮ ಪಾಳಿ ಬಂದದ್ದು ಒಂದು ಶುಕ್ರವಾರ. ಮುಂಜಾನೆ ಪೂಜೆಗೆ ಕೂಡುವ ಮುಂಚೆ ಆಯಿಯ ಶಿವದಾರ ಹರಿಯಿತು. ಅದು ಲಿಂಗವನ್ನು ಕೊರಳಿಗೆ ಕಟ್ಟುವ ದಾರ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು ನನ್ನನ್ನು ಕರೆದಳು.

"ಸಂಗೀ, ಅಂಗಡಿಗಿ ಹೋಗಿ ಶಿವದಾರ ತಗೊಂಬಾ. ಜಲ್ದಿ ಬರ್ಬೇಕು ನೋಡು. ನಾ ಇನ್ನಾ ನೀರ ಸೈತ ಕುಡ್ದಿಲ್ಲ."

"ಹಿಂಗ ಹೋಗಿ ಹಂಗ ಬರ್ತೇನಿ ಆಯಿ."

ದಾರ ಕೊಂಡು ಬರುವಾಗ ನೋಡಿದರೆ ಸುಜಾತಾ ತನ್ನ ಬೀಗ ಹಾಕಿದ ಮನೆಯ ಕಟ್ಟೆ ಮೇಲೆ ಕುಳಿತಿದ್ದಾಳೆ! ಎರಡು ತಿಂಗಳಾಗಿತ್ತು ಅವಳ ಮುಖ ನೋಡಿ.

"ಅವ್ವ ಫೈನಾನ್ಸ್ ಆಫೀಸಿಗಿ ಹೋಗ್ಯಾಳ" ಅಂದಳು. "ಹೊಲಿಗಿ ಮಶೀನ್ ಒಳಗೇ ಉಳದದ. ಔರಾದದಾಗ ಮಶೀನ್ ಇಲ್ದೆ ಏನು ಹೊಲಿತಾಳ? ಇವತ್ತು ಬರ್ರಿ, ನಾಳಿ ಬರ್ರಿ ಅನ್ಲತ್ತಾರ. ನಮ್ಮ ಬುದ್ಧನ ಫೋಟೋನೂ ಒಳಗೇ ಅದ."

ಹೆಂಚಿನ ಚೂರು ಹೆಕ್ಕಿ ನೆಲದ ಮೇಲೆ ಮನೆ ಬರೆದೆ. ಕುಂಟಬಿಲ್ಲೆ ಆಡಿದೆವು. ಒಂದಾಟ, ಎರಡಾಟ, ಅವಳು ಗೆದ್ದಳು ಅಂತ ಇನ್ನೊಂದಾಟ. ಶಿವದಾರ ಫ್ರಾಕಿನ ಕಿಸೆಯಲ್ಲಿತ್ತು. ಜೀಪು ನಮ್ಮನ್ನು ದಾಟಿ ಹೋದಾಗಲೂ ನಾನು ಒಂಟಿಕಾಲಿನ ಮೇಲೇ ಇದ್ದೆ.

ಅಪ್ಪ ಗಂಜಿನಲ್ಲಿ, ಅವ್ವ ಕೆಲಸ ಕೇಳಲು ಹೋಗಿದ್ದಳು. ಆಯಿ ಒಬ್ಬಳೇ ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದಳು. ಜೀಪಿನವರು ಹೊರಗೆ ಬಾ ಅಂದರು, ಬಂದಳು. ತಿರುಗಿ ಒಳಗೆ ಹೋಗಲು ಬಿಡಲಿಲ್ಲ. ಸಾಮಾನಿನ ಪಂಚನಾಮೆ ಬರೆಯುವಾಗ ಒಳಗೆ ಬರುವ ಹಾಗಿಲ್ಲವಂತೆ. ನಾನು ಓಡಿ ಬಂದಾಗ ಅರಗು ಕರಗಿಸುತ್ತಿದ್ದರು. ಆಯಿಯ ಕೈಯಲ್ಲಿ ಇನ್ನೂ ಹಸಿ ಸೀರೆ ಇತ್ತು.

"ಸಾಹೇಬ್ರ, ನನ್ನ ಲಿಂಗಾ ಗೂಡಿನಾಗ ಅದ. ಅದೊಂದು ಕೊಟ್ಟು ಬಿಡ್ರಿ" ಅನ್ನುತ್ತಿದ್ದಳು.

ಅವರಲ್ಲಿ ದೊಡ್ಡವನು, ಕಪ್ಪು ಕನ್ನಡಕದವನು, ಮೊಬೈಲಿನಿಂದ ತಲೆ ಎತ್ತಲಿಲ್ಲ. "ಎಲ್ಲಾ ಲಿಸ್ಟಿನಾಗ ಬರ್ದೇವಿ ಆಯಿ. ಸೀಲ್ ಆಗ್ಯದ. ಸೋಮವಾರ ಆಫೀಸಿಗಿ ಬರ್ರಿ."

ಆಗ ಆಯಿ ಇಡೀ ಓಣಿಗೆ ಕೇಳುವ ಹಾಗೆ ಅಂದಳು: "ಮನಿ ಅಡಾ ಇಟ್ಟೇವಿ, ಖರೆ. ನನ್ನ ಲಿಂಗಾ ಯಾವಾಗ ಅಡಾ ಇಟ್ಟಿದ್ದೆವೋ ಯಪ್ಪಾ?"

ಅವನು ಜೀಪು ಹತ್ತಿದ.

ಎದುರು ಮನೆಯ ಬೀಬಿ ಖಾಲಾ ನಮ್ಮನ್ನು ತನ್ನ ಪಡಸಾಲೆಯಲ್ಲಿ ಇಟ್ಟುಕೊಂಡಳು. ಅವಳದು ಹಳೇ ಮಣ್ಣಿನ ಮನೆ, ಅದಕ್ಕೆ ಸಾಲ ಕೊಡಲು ಯಾರೂ ಬಂದಿರಲಿಲ್ಲ. ಪುಣ್ಯ ಅವಳದು. ಆಯಿ ಗೋಡೆಗೆ ಒರಗಿ ಕುಳಿತಳು. ಎದುರಿಗೇ ನಮ್ಮ ಮನೆಯ ಬಾಗಿಲು.

"ಆಯಿ, ದೋ ಘೂಂಟ್ ಪಾನಿ ತೋ ಪೀಲೋ" ಅಂತ ಖಾಲಾ ನೀರಿನ ತಂಬಿಗೆ ಹಿಡಿದು ನಿಂತಳು. ಆಯಿ ತಲೆ ಅಲ್ಲಾಡಿಸಿದಳು. ಖಾಲಾ ನಮಗೆಲ್ಲ ಮಾಡಿ ಹಾಕಿದಳು, ತಾನು ಮಾತ್ರ ಆಯಿಗೆ ಕಾಣದ ಹಾಗೆ ಒಲೆಯ ಹಿಂದೆ ಕುಳಿತು ತಿಂದಳು.

ಅಪ್ಪ ವಕೀಲರ ಹತ್ತಿರ ಓಡಿದ. ಅವರು ಒಳ್ಳೆಯವರು. "ಶುಕ್ರವಾರ ಸೀಲ್ ಹಾಕೂದೇ ಇವರ ಆಟ. ಎರಡು ದಿನ ಕೋರ್ಟ್ ಇರಂಗಿಲ್ಲ. ನೋಟಿಸು ಬರೋಬ್ಬರಿ ಕೊಟ್ಟಿಲ್ಲ, ಸೋಮವಾರ ನಾ ಸ್ಟೇ ತರ್ತೇನಿ, ಮನಿ ಉಳಿತದ. ಅಲ್ಲಿ ತನಕ ಸೀಲ್ ಮುಟ್ಟಬ್ಯಾಡ್ರಿ, ಯಾವ ಕಾಗದಕ್ಕೂ ಸಹಿ ಮಾಡಬ್ಯಾಡ್ರಿ" ಅಂದರಂತೆ. ಮನೆ ಉಳಿಯುತ್ತದೆ! ಅವ್ವ ಆ ಮಾತು ಕೇಳಿ ಅತ್ತಳು. ಎರಡೇ ದಿನ ತಡೆದರೆ ಸಾಕಿತ್ತು.

ಶನಿವಾರ ಅಪ್ಪ ಫೈನಾನ್ಸಿನವರಿಗೆ ಫೋನ್ ಮಾಡಿದ. ಆಫೀಸು ಬಂದ್ ಅಂದರು. ಗಂಜಿನಿಂದ ನಾಲ್ಕು ಮಂದಿ ಹಮಾಲರು ಹಾರೆ ತಗೊಂಡು ಬಂದರು. "ಒಂದು ಏಟಿನ ಕೆಲಸ, ಬಾಜುಕ ಸರಿ ನೀ" ಅಂದರು. ಅಪ್ಪ ಬಾಗಿಲಿಗೆ ಅಡ್ಡ ನಿಂತ. "ಸೀಲ್ ಒಡದ್ರ ಕೇಸ್ ಹೋಗ್ತದ, ಬ್ಯಾಡ್ರೋ" ಅಂದ. ತನ್ನ ಮನೆಯ ಬಾಗಿಲು ತನ್ನವರೇ ತೆರೆಯದ ಹಾಗೆ ಕಾಯುತ್ತ ನಿಂತಿದ್ದ ನಮ್ಮಪ್ಪ. ಹಾಗೆ ಅವನನ್ನು ನಿಲ್ಲಿಸಿದವರನ್ನು ನಾನು ಸಾಯುವ ತನಕ ಕ್ಷಮಿಸುವುದಿಲ್ಲ.

ಮಠದ ಸ್ವಾಮಿಗಳು ಬಂದು, ಬೇರೆ ಲಿಂಗ ಕೊಡುತ್ತೇನೆ, ದೋಷವಿಲ್ಲ, ನೀರು ಕುಡಿಯಿರಿ ಅಂದರು. "ಬ್ಯಾಡ್ರಿ ಸ್ವಾಮಿ" ಅಂದಳು ಆಯಿ. "ಅದು ಅಲ್ಲಿ ಬೀಗದಾಗ ಕುಂತದ. ನಾ ಇಲ್ಲಿ ಇನ್ನೊಂದು ಕಟ್ಟಿಕೊಂಡು ಉಣ್ಣಲೇನ್ರಿ?"

ಐತವಾರ ಮಧ್ಯಾಹ್ನಕ್ಕೆ ಅವಳ ತುಟಿಗಳು ಒಡೆದಿದ್ದವು. ಬೀದರಿನ ಬಿಸಿಲು ಗೊತ್ತಲ್ಲ ನಿಮಗೆ? ಕುಳಿತವಳು ಮಲಗಿದಳು. ನನ್ನನ್ನು ಅವ್ವನ ಹೆಸರಿನಿಂದ ಕರೆದಳು. ಡಾಕ್ಟರು ಸಲೈನ್ ಹಚ್ಚಲು ಬಂದರೆ ಸೂಜಿ ಕಿತ್ತು ಒಗೆದಳು. ನಾನು ಶಿವದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳ ಕಾಲ ಹತ್ತಿರ ಕುಳಿತಿದ್ದೆ. ಅಪ್ಪ ಮತ್ತೆ ಫೋನ್ ಮಾಡಿದ. "ಸಾಹೇಬ್ರ, ನಮ್ಮವ್ವ ಹೋಗ್ತಾಳ್ರಿ. ಒಂದು ನಿಮಿಷ ಬಂದು ತಗೀರಿ, ನಿಮ್ಮ ಕಾಲಿಗಿ ಬೀಳ್ತೇನಿ" ಅಂದ.

ಒಂದು ತಾಸಿನೊಳಗೆ ಜೀಪು ಬಂತು. ಶನಿವಾರ ಬಂದ್ ಇದ್ದ ಆಫೀಸು ಐತವಾರ ತೆರೆದಿತ್ತು ನೋಡಿ! ಕಪ್ಪು ಕನ್ನಡಕದವನು ಬೀಗದ ಕಡೆ ಹೋಗಲಿಲ್ಲ. ಫೈಲು ತೆಗೆದು ಎರಡು ಹಾಳೆ ಅಪ್ಪನ ಕೈಗಿಟ್ಟ.

"ಏನ್ರಿ ಇದು?"

"ಸಾಮಾನು ವಾಪಸ್ ತಗೊಂಡದ್ದಕ್ಕ ರಸೀದಿ. ಸಹಿ ಮಾಡ್ರಿ, ಈಗೇ ತಗಿತೇವಿ."

ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಸಹಿ ಅಷ್ಟೇ ಬರುತ್ತಿತ್ತು. ಹಾಳೆ ನನ್ನ ಕಡೆ ಚಾಚಿದ. ಗಟ್ಟಿಯಾಗಿ ಓದಿದೆ. ಮೊದಲ ಹಾಳೆಯಲ್ಲಿ, ನಾನು ಸ್ವಇಚ್ಛೆಯಿಂದ ಮನೆ ಬಿಟ್ಟುಕೊಟ್ಟಿದ್ದೇನೆ, ಈ ಬಗ್ಗೆ ಯಾವ ಕೋರ್ಟಿಗೂ ಹೋಗುವುದಿಲ್ಲ ಅಂತ ಇತ್ತು. ಎರಡನೆಯದು ಸಾಮಾನಿನ ಪಟ್ಟಿ. ಅದನ್ನು ಓದದೆ ಅಪ್ಪನ ಕೈ ಹಿಡಿದೆ.

"ಅಪ್ಪಾ, ಬ್ಯಾಡ. ನಾಳಿಗಿ ವಕೀಲರು..."

ಅಪ್ಪ ಪಡಸಾಲೆಯ ಕಡೆ ನೋಡಿದ. ಆಯಿಯ ಬಾಯಿ ತೆರೆದಿತ್ತು, ಖಾಲಾ ಹಸಿ ಬಟ್ಟೆಯಿಂದ ಅವಳ ಹಣೆ ಒರೆಸುತ್ತಿದ್ದಳು.

"ಓದೂದು ಸಾಕು ಮಗಾ" ಅಂದ. "ಪೆನ್ ಕೊಡ್ರಿ."

ಲಿಂಗ ಆಯಿಯ ಕೈಗೆ ಬಂತು. ನಾನೇ ದಾರ ಕೊಟ್ಟೆ. ಅವ್ವನ ಹೆಗಲಿಗೆ ಒರಗಿ ಪೂಜೆ ಮಾಡಿದಳು, ಖಾಲಾ ಆರಿಸಿಟ್ಟಿದ್ದ ಅಂಬಲಿ ಕುಡಿದಳು. ಜೀವ ಬಂತು. ಮರುದಿನ ಎದ್ದು ಕುಳಿತು ಅಪ್ಪನನ್ನು ಕೇಳಿದಳು.

"ಇವತ್ತು ಕೋರ್ಟಿನ ದಿನ ಅಲ್ಲೇನೋ? ಯಾಕ ಕುಂತಿ?"

ಅಪ್ಪ ಸಹಿ ಮಾಡಿದ್ದನ್ನು ನಾನು ಹೇಳಿಬಿಟ್ಟೆ. ಆಯಿ ಎದೆ ಎದೆ ಬಡಿದುಕೊಂಡಳು. "ನನ್ನ ಹಸಿವಿ ನೋಡಿ ಮನಿ ಬರಸ್ಕೊಂಡ್ರಾ ಭಾಡ್ಯಾಗಳು! ಒಂದು ದಿನ ತಡೀಬಾರ್ದೇನೋ? ನಾ ಸತ್ರ ಸಾಯ್ತಿದ್ದೆ, ಈ ಕೂಸಿಗಿ ಮನಿ ಉಳೀತಿತ್ತು!"

"ಸುಮ್ಮಕಿರು ಅವ್ವಾ" ಅಂದ ಅಪ್ಪ. ಚೀಲ ಎತ್ತುವ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಗಂಜಿಗೆ ಹೋದ.

ಆ ಮಳೆಗಾಲಕ್ಕೆ ಮುಂಚೆ ನಾವು ಭಾಲ್ಕಿಯಲ್ಲಿ ಬಾಡಿಗೆ ಖೋಲಿ ಹಿಡಿದೆವು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕು, ದೇವರ ಗೂಡು ಎಲ್ಲಿಯದು. ಆಯಿ ಅಲ್ಲೇ ತೀರಿಕೊಂಡಳು. ಮಣ್ಣು ಮಾಡುವಾಗ ಅವಳ ಅಂಗೈಯಲ್ಲಿ ಲಿಂಗ ಇಟ್ಟರು. ದಾರ ನಾನು ತಡವಾಗಿ ತಂದದ್ದೇ.

ಬಹಳ ವರ್ಷ ನನ್ನನ್ನೇ ಬೈದುಕೊಂಡೆ. ಆ ಮೂರನೇ ಆಟ ಆಡದೆ ಬಂದಿದ್ದರೆ ಲಿಂಗ ಅವಳ ಕೊರಳಲ್ಲಿರುತ್ತಿತ್ತು, ಸೋಮವಾರ ಸ್ಟೇ ಸಿಗುತ್ತಿತ್ತು ಅಂತ. ಈಗ ಬೈದುಕೊಳ್ಳುವುದಿಲ್ಲ. ಹತ್ತು ವರ್ಷದ ಹುಡುಗಿ ಗೆಳತಿಯ ಜೊತೆ ಕುಂಟಬಿಲ್ಲೆ ಆಡಿದ್ದು ತಪ್ಪಲ್ಲ. ಮುದುಕಿಯ ನೀರಡಿಕೆ ನೋಡಿಕೊಂಡು ಕಾಗದ ತಯಾರು ಮಾಡಿದವನಿದ್ದಾನಲ್ಲ, ತಪ್ಪು ಅವನದು. ಅವನಿಗೆ ಬಡ್ತಿ ಸಿಕ್ಕಿರಬಹುದು.

ಹೋದ ತಿಂಗಳು ಕೆಲಸದ ಮೇಲೆ ಬೀದರಿಗೆ ಹೋದವಳು ಚಿದ್ರಿಗೆ ಹೋಗಿ ಬಂದೆ. ಒಂಬತ್ತು ಮನೆಗಳಲ್ಲಿ ಒಂದರಲ್ಲೂ ಗುರುತಿನವರಿಲ್ಲ. ಎಲ್ಲ ಬಾಗಿಲಿಗೂ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ರೊಟ್ಟಿಯ ವಾಸನೆ ಬಂತು, ಆದರೆ ಒಳಗೆ ನುಗ್ಗಲು ನನಗೆ ಯಾವ ಮನೆ ಇದೆ? ಸುಜಾತಾ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳವ್ವನ ಮಶೀನು ಕೊನೆಗೂ ಸಿಗಲಿಲ್ಲ ಅಂತ ಮಾತ್ರ ಯಾರೋ ಹೇಳಿದ್ದರು.

ಅವತ್ತು ನಮಗೆ ಕೊಟ್ಟ ಆ ಪಟ್ಟಿಯ ಪ್ರತಿ ನನ್ನ ಟ್ರಂಕಿನಲ್ಲಿದೆ. ಹಿತ್ತಾಳೆ ಕೊಡ, ಕಬ್ಬಿಣದ ಮಂಚ, ಹಂಚು, ನನ್ನ ಶಾಲೆಯ ಚೀಲ, ಎಲ್ಲದರ ಮುಂದೆ ಒಂದೊಂದು ಬೆಲೆ. ಅವ್ಯಾವೂ ನಮಗೆ ವಾಪಸು ಬರಲಿಲ್ಲ. ಕೊನೆಯ ಸಾಲಿನಲ್ಲಿ "ಗೋಡೆಯ ಗೂಡಿನಲ್ಲಿ ಕಪ್ಪು ಕಲ್ಲು, ಒಂದು. ಬೆಲೆ: ಇಲ್ಲ" ಅಂತ ಬರೆದಿದ್ದಾರೆ. ಬೆಲೆ ಇಲ್ಲ ಅಂತ ತಮ್ಮ ಕೈಯಾರೆ ಬರೆದ ಅದನ್ನು ವಾಪಸು ಕೊಡಲು ಅವರು ನಮ್ಮಿಂದ ಒಂದು ಮನೆ ತಗೊಂಡರು.