ಬಾಗಿಲ ಹಿಂದೆ ಅಂಟಿಸಿದ ಕಾಗದ

ಬೆಳಗಿನ ಐದೂವರೆ. ಒಲೆಯ ಮೇಲೆ ಕುದಿಯುತ್ತಿರುವುದು ತಿಂಡಿಯಲ್ಲ, ಗೋಂದು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ಗಂಟಾಗದ ಹಾಗೆ ಮರದ ಕೋಲಿನಿಂದ ತಿರುವುತ್ತಾ ನಿಂತಿದ್ದಾರೆ ನಲವತ್ತೇಳರ ಈ ಹೆಂಗಸು. ಬಡಾವಣೆಯವರೆಲ್ಲ ಇವರನ್ನು ಕರೆಯುವುದು ಗೋಂದಕ್ಕ ಎಂದೇ. ಸೋಂಕು ತಗುಲಿದವರ ಮನೆ ಬಾಗಿಲಿಗೆ ಕೆಂಪು ನೋಟಿಸ್ ಅಂಟಿಸುವುದು ಇವರ ಕೆಲಸ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತ ಅತ್ತೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಡೆ ತಿರುಗಿ, "ಮಗನಿಗೆ ಹೆಣ್ಣು ನೋಡೋಕೆ ಹೋದಾಗ ಅಡುಗೆ ಬರುತ್ತಾ ಅಂತ ಕೇಳಿದ್ದೆ. ಯಾವ ಅಡುಗೆ ಅಂತ ಕೇಳೋದು ಮರೆತೆ ನೋಡಿ" ಎನ್ನುತ್ತಾರೆ. ಸೊಸೆ ನಗುತ್ತಾರೆ. ಅವತ್ತಿನ ಮಟ್ಟಿಗೆ ಅದೇ ಕೊನೆಯ ನಗು ಎಂದು ನನಗೆ ಆಗ ಗೊತ್ತಿರಲಿಲ್ಲ.

ಆರೋಗ್ಯ ಇಲಾಖೆಯ ಕಚೇರಿಯವರು ಗೋಂದಿನ ಡಬ್ಬಿ ಕೊಡುತ್ತಾರೆ. ಅದು ಹತ್ತು ಬಾಗಿಲಿಗೆ ಮುಗಿದುಹೋಗುತ್ತದೆ. ಹಾಗಾಗಿ ಮನೆಯಲ್ಲೇ ಕಾಯಿಸುವುದು. "ಎರಡು ತಿಂಗಳ ಹಿಂದೆ ಒಂದು ಲೋಟ ಹಿಟ್ಟು ಹಾಕ್ತಿದ್ದೆ ಸರ್, ಅದೂ ಮಿಕ್ಕಿಹೋಗ್ತಿತ್ತು. ಹೋದ ತಿಂಗಳು ಮೂರು ಲೋಟ ಆಯ್ತು. ಈಗ ನೋಡಿ, ಸ್ನಾನಕ್ಕೆ ನೀರು ಕಾಯಿಸೋ ಪಾತ್ರೇನೇ ಒಲೆ ಮೇಲಿದೆ." ಗೋಡೆಯ ಮೇಲಿನ ರೇಡಿಯೋದಲ್ಲಿ ಅದೇ ಹೊತ್ತಿಗೆ ಯಾರೋ ದೊಡ್ಡವರು, ಪರಿಸ್ಥಿತಿ ಸಂಪೂರ್ಣ ನಿಯಂತ್ರಣದಲ್ಲಿದೆ, ಜನ ಗಾಬರಿಪಡಬೇಕಾಗಿಲ್ಲ ಎಂದು ಹೇಳುತ್ತಿದ್ದಾರೆ. ಗೋಂದಕ್ಕ ಕೋಲು ನಿಲ್ಲಿಸದೆ ಆ ಕಡೆ ಒಮ್ಮೆ ನೋಡುತ್ತಾರೆ. "ಅವರು ಒಂದು ದಿನ ಬಂದು ಈ ಪಾತ್ರೆ ತಿರುವಲಿ" ಎಂದಷ್ಟೇ ಹೇಳಿ ಒಲೆ ಆರಿಸುತ್ತಾರೆ.

ಆರು ಗಂಟೆಗೆ ಫೋನಿಗೆ ಪಟ್ಟಿ ಬರುತ್ತದೆ. ಇವತ್ತು ಅರವತ್ನಾಲ್ಕು ಬಾಗಿಲು. ಹೋದ ವರ್ಷದ ಅಲೆಯಲ್ಲಿ ಅತಿ ಹೆಚ್ಚು ಎಂದರೆ ದಿನಕ್ಕೆ ಹತ್ತೊಂಬತ್ತು ಇತ್ತಂತೆ. ಬೆರಳಿನಿಂದ ಪಟ್ಟಿ ಜಾರಿಸುತ್ತಾ ಹೋದವರು ಇಪ್ಪತ್ಮೂರನೇ ಸಾಲಿನಲ್ಲಿ ನಿಲ್ಲುತ್ತಾರೆ. ಫೋನನ್ನು ಕೆಳಗಿಡುತ್ತಾರೆ. ಮತ್ತೆ ಎತ್ತಿ ನೋಡುತ್ತಾರೆ.

"ಟೈಲರಮ್ಮ" ಎನ್ನುತ್ತಾರೆ ಅತ್ತೆಯ ಕಡೆ ನೋಡದೆ.

ಅತ್ತೆ, "ಇವತ್ತಾದ್ರೂ ಹೇಳಿಬಿಡು" ಎನ್ನುತ್ತಾರೆ.

ಏನು ಹೇಳಬೇಕಾಗಿತ್ತು ಎಂಬುದನ್ನು ಗೋಂದಕ್ಕ ದಾರಿಯುದ್ದಕ್ಕೂ, ಒಂದೊಂದು ಬಾಗಿಲು ಮುಗಿಸುತ್ತಾ, ನನಗೆ ಹೇಳಿದರು. ಬರೀರಿ ಎಂದರು. ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷ ಇವರು ಗೋಡೆಗೆ ಪೋಸ್ಟರ್ ಅಂಟಿಸಿದವರು. ಗಂಡ ಏಣಿಯ ಮೇಲೆ, ಇವರು ಕೆಳಗೆ ಬಕೆಟ್ ಮತ್ತು ಬ್ರಷ್ ಹಿಡಿದು. ಸಿನಿಮಾ, ಸರ್ಕಸ್, ಚುನಾವಣೆ, ಟ್ಯೂಷನ್ ಎಲ್ಲವೂ ಇವರ ಕೈಯಿಂದಲೇ ಗೋಡೆ ಏರಿದವು. ಪ್ಲಾಸ್ಟಿಕ್ ಬ್ಯಾನರ್ ಬಂದ ಮೇಲೆ ಆ ಕೆಲಸಕ್ಕೆ ಕಲ್ಲು ಬಿತ್ತು. ಗಂಡ ನೀರಿನ ಟ್ಯಾಂಕರ್ ಓಡಿಸತೊಡಗಿದರು. ಸೋಂಕು ಶುರುವಾದಾಗ ಬಾಗಿಲಿಗೆ ಕಾಗದ ಅಂಟಿಸಲು ಕಚೇರಿಯ ನೌಕರರೆಲ್ಲ ಹಿಂದೆ ಸರಿದರು. ಆರೋಗ್ಯ ನಿರೀಕ್ಷಕರು ಇವರನ್ನು ಹುಡುಕಿಕೊಂಡು ಬಂದರು. "ಗೋಡೆ ಬಿಟ್ಟು ಬಾಗಿಲು, ಅಷ್ಟೇ ವ್ಯತ್ಯಾಸ ಅಂದ್ಕೊಂಡೆ. ಗೋಡೆ ಹಿಂದೆ ಇರೋರು ಪೋಸ್ಟರ್ ನೋಡಿ ಅಳಲ್ಲ ಅನ್ನೋದು ಆಮೇಲೆ ಗೊತ್ತಾಯ್ತು."

ಆದೇಶಗಳ ಕತೆ ಕೇಳಿದರೆ ತಲೆ ಗಿರ್ರೆನ್ನುತ್ತದೆ. ಮೊದಲು ಹದಿನಾಲ್ಕು ದಿನ ಎಂದರು. ಆಮೇಲೆ ಹತ್ತು ಎಂದರು. ನಡುವೆ ಸೋಂಕು ಇಳಿಯಿತೆಂದು ನೋಟಿಸೇ ಬೇಡ ಎಂದರು; ಮೈದಾನದಲ್ಲಿ ಸಭೆ ಕರೆದು, ರೋಗವನ್ನು ಗೆದ್ದೆವು ಎಂದು ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಈಗ ಸುತ್ತಲಿನ ಜಿಲ್ಲೆಗಳೆಲ್ಲ ಹೊತ್ತಿಕೊಂಡ ಮೇಲೆ ಮತ್ತೆ ನೋಟಿಸು, ಮತ್ತೆ ಹದಿನಾಲ್ಕು ದಿನ. ಸಂತೆಯ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಆಸ್ಪತ್ರೆಯಲ್ಲಿ ಮಲಗಲು ಜಾಗವಿಲ್ಲ. ಯಾರನ್ನು ಬೈಯುವುದು? ಬೈಯಲು ಹೊರಟರೆ ನನ್ನ ಕಡೆಗೂ ಬೆರಳು ತಿರುಗಬೇಕಾಗುತ್ತದೆ.

ಯಾಕೆಂದರೆ ಮೊದಲ ಅಲೆಯಲ್ಲಿ ಸೋಂಕಿತರ ಮನೆಗಳ ವಿಳಾಸವನ್ನು ಕಚೇರಿ ಬಿಡುಗಡೆ ಮಾಡಿತು, ನಮ್ಮ ಪತ್ರಿಕೆ ಅದನ್ನು ಬಾಗಿಲ ಸಂಖ್ಯೆಯ ಸಮೇತ ಅಚ್ಚು ಹಾಕಿತು. ಜನರಿಗೆ ತಿಳಿಯಲಿ ಎಂಬ ಉದ್ದೇಶ ನಮ್ಮದು. ಜನರಿಗೆ ತಿಳಿಯಿತು. ಗೋಂದಕ್ಕ ಒಂದು ಮನೆಗೆ ನೋಟಿಸ್ ಅಂಟಿಸಿ ಬಂದ ಮಾರನೇ ದಿನ ನೆರೆಹೊರೆಯವರು ಆ ಮನೆಯ ಗೇಟಿಗೆ ಹೊರಗಿನಿಂದ ಸರಪಳಿ ಸುತ್ತಿ ಬೀಗ ಜಡಿದರು, ಬೀದಿ ನಲ್ಲಿಯ ನೀರನ್ನೂ ಮುಟ್ಟಗೊಡಲಿಲ್ಲ. ಎರಡು ದಿನ ಒಳಗಿದ್ದವರಿಗೆ ಕುಡಿಯಲು ನೀರಿಲ್ಲ. ಮೂರನೇ ದಿನ ಆ ದಾರಿಯಲ್ಲಿ ಬಂದ ಗೋಂದಕ್ಕನಿಗೆ ಕಿಟಕಿಯಿಂದ ಒಂದು ಮಗು ಖಾಲಿ ಲೋಟ ತೋರಿಸಿತು.

"ಬೀಗ ಹಾಕಿದ್ದು ಅವರು. ಆದ್ರೆ ಯಾವ ಮನೆಗೆ ಹಾಕ್ಬೇಕು ಅಂತ ತೋರಿಸಿದ್ದು ನಾನು."

ಅವತ್ತಿನಿಂದ ಗೋಂದಕ್ಕ ಒಂದು ಉಪಾಯ ಮಾಡಿದರು. ಪೋಸ್ಟರ್ ಅಂಟಿಸುವವರಿಗಷ್ಟೇ ಹೊಳೆಯುವಂಥದು. ಕಚೇರಿಗೆ ಪುರಾವೆಯಾಗಿ ಮುಚ್ಚಿದ ಬಾಗಿಲು, ಅದರ ಮೇಲೆ ನೋಟಿಸು, ಮನೆ ಸಂಖ್ಯೆ ಮೂರೂ ಕಾಣುವ ಫೋಟೊ ಕಳಿಸಬೇಕು. ಮೈದಾ ಗೋಂದು ಒಣಗಲು ಹತ್ತು ಹನ್ನೆರಡು ನಿಮಿಷ ಬೇಕು. ಅದಕ್ಕೆ ಮುಂಚೆ ಕೆಳಗಿನ ಮೂಲೆ ಹಿಡಿದು ನಿಧಾನವಾಗಿ ಎತ್ತಿದರೆ ಕಾಗದ ಹರಿಯದೆ ಇಡಿಯಾಗಿ ಬರುತ್ತದೆ. ಇವರು ಹೊರಗೆ ಅಂಟಿಸಿ, ಫೋಟೊ ತೆಗೆದು, ಹಸಿಯಿರುವಾಗಲೇ ಕಿತ್ತು, ಅದೇ ಬಾಗಿಲಿನ ಒಳಮೈಗೆ ಅಂಟಿಸಿಬಿಡುತ್ತಿದ್ದರು. ಬಾಗಿಲು ತೆರೆದಿಟ್ಟರೆ ನೋಟಿಸು ಗೋಡೆಗೂ ಬಾಗಿಲಿಗೂ ನಡುವೆ ಅಡಗಿ ಕೂರುತ್ತಿತ್ತು. ಕಚೇರಿಗೆ ಫೋಟೊ ಸಿಕ್ಕಿತು, ಮನೆಯವರಿಗೆ ಮರ್ಯಾದೆ ಉಳಿಯಿತು. ಎಷ್ಟೋ ಮನೆಯವರು ಕೈಮುಗಿದರು.

"ಒಳ್ಳೇ ಕೆಲಸ ಮಾಡ್ತಿದ್ದೀನಿ ಅಂತ ಎಷ್ಟು ಬೀಗಿದ್ದೆ ಅಂತೀರಿ" ಎಂದು ಹೇಳುವಾಗ ಅವರು ಬ್ರಷ್ಷನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತಲೇ ಇರುತ್ತಾರೆ, ಒರೆಸಲು ಏನೂ ಉಳಿದಿಲ್ಲದಿದ್ದರೂ.

ಈ ಸಲದ ಅಲೆ ಶುರುವಾದಾಗಲೂ ಅದೇ ಅಭ್ಯಾಸ. ಏಳು ವಾರದ ಹಿಂದೆ ನಿವೃತ್ತ ಕಂಡಕ್ಟರ್ ಒಬ್ಬರ ಮನೆಗೆ ಹೀಗೆಯೇ ಅಂಟಿಸಿದರು. ಅವರ ಪಕ್ಕದ್ದು ಟೈಲರ್ ಮನೆ. ಎರಡು ಮನೆಗೂ ಸೇರಿ ಒಂದೇ ದಿನಪತ್ರಿಕೆ. ಹದಿನಾರು ವರ್ಷದ ರೂಢಿ. ಟೈಲರ್ ಬೆಳಿಗ್ಗೆ ಓದಿ, ಎಂಟು ಗಂಟೆಗೆ ಪತ್ರಿಕೆ ಮಡಿಚಿಕೊಂಡು ಕಂಡಕ್ಟರ್ ಮನೆಗೆ ಹೋಗುತ್ತಿದ್ದರು, ಅರ್ಧ ಗಂಟೆ ಕೂತು ಸರ್ಕಾರವನ್ನು ಬೈದು ಬರುತ್ತಿದ್ದರು. ಅವತ್ತೂ ಬಾಗಿಲು ಎಂದಿನಂತೆ ತೆರೆದಿತ್ತು. ನೋಟಿಸು ಬಾಗಿಲ ಹಿಂದಿತ್ತು. ಕೆಮ್ಮುತ್ತಿದ್ದ ಕಂಡಕ್ಟರ್, ಸ್ವಲ್ಪ ಶೀತ ಎಂದರು. ಬಾಯಿಬಿಟ್ಟು ಹೇಳಲು ನಾಚಿಕೆ. ಮೂರು ದಿನ ಟೈಲರ್ ಹೋಗಿ ಕೂತು ಬಂದರು.

ಆಮೇಲಿನದು ಈ ದಿನಗಳಲ್ಲಿ ನಾವೆಲ್ಲ ಕೇಳಿ ಕೇಳಿ ಬೇಸತ್ತ ಕತೆಯೇ. ಸಹಾಯವಾಣಿಯಲ್ಲಿ, ನೀವು ಸರದಿಯಲ್ಲಿದ್ದೀರಿ ಎಂಬ ದನಿ. ನಾಲ್ಕು ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ಐದನೆಯದರ ಗೇಟಿನ ಮುಂದೆ ಟೈಲರ್ ಉಸಿರು ನಿಂತಿತು. ಕಂಡಕ್ಟರ್ ಬದುಕಿಕೊಂಡರು. ಹದಿನಾಲ್ಕನೇ ದಿನ ನೋಟಿಸು ಕೀಳಲು ಹೋದ ಗೋಂದಕ್ಕನ ಮುಂದೆ ಆ ಮನುಷ್ಯ ಬಾಗಿಲು ಹಿಡಿದು ಅತ್ತರಂತೆ. ಇವರು ಕೀಳದೆಯೇ ವಾಪಸು ಬಂದರು. ಆ ಕಾಗದ ಇನ್ನೂ ಆ ಬಾಗಿಲ ಹಿಂದೆಯೇ ಇದೆ.

ಅವತ್ತೇ ನಿರೀಕ್ಷಕರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನಾಳೆ ಅಂಟಿಸೋಕೆ ನನಗೆ ಬೇರೆ ಯಾರಿದ್ದಾರಮ್ಮ?" ಎಂದರಂತೆ. "ಬೈದು ಆಚೆಗೆ ಕಳಿಸಿದ್ರೆ ಸಮಾಧಾನ ಆಗ್ತಿತ್ತು ಸರ್. ಅದೂ ಆಗ್ಲಿಲ್ಲ." ಟೈಲರ್ ಹೆಂಡತಿ ಟೈಲರಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಎರಡು ಸಲ ಆ ಬೀದಿಯ ತಿರುವಿನ ತನಕ ಹೋಗಿ ವಾಪಸು ಬಂದಿದ್ದಾರೆ.

ಈಗ ಅವರು ನೋಟಿಸನ್ನು ಹೊರಗೆ, ಎದೆಮಟ್ಟದಲ್ಲಿ ಅಂಟಿಸುತ್ತಾರೆ. ಅಂಟಿಸಿದ ಮೇಲೆ ಎಡಗಡೆಯ ಮನೆ, ಬಲಗಡೆಯ ಮನೆ ಎರಡರ ಬಾಗಿಲನ್ನೂ ತಟ್ಟುತ್ತಾರೆ. "ಇವರಿಗೆ ಹಾಲು ಯಾರು ತಂದು ಗೇಟಲ್ಲಿ ಇಡ್ತೀರಿ? ಸಾಯಂಕಾಲ ಫೋನ್ ಯಾರು ಮಾಡ್ತೀರಿ?" ಯಾರಾದರೂ ಹೂಂ ಅನ್ನುವ ತನಕ ಕದಲುವುದಿಲ್ಲ. ಕೆಲವರು ಮೂಗು ಮುರಿಯುತ್ತಾರೆ. ಒಬ್ಬರು ನಾಯಿ ಬಿಟ್ಟರು. ಅಂಗಡಿಯವರೊಬ್ಬರು ನೋಟಿಸಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದರಂತೆ. ಇವರು ಅದನ್ನು ಎತ್ತಿ ನೋಡಿ, "ತಾರೀಖು ನೋಡ್ಕೊಳ್ಳಿ ಅಣ್ಣ, ಇನ್ನೂ ಒಂಬತ್ತು ದಿನ ಇದೆ" ಎಂದು ಪಕ್ಕದ ಮೊಳೆಗೆ ಹಾಕಿ ಬಂದರು. ನಾನು ನೋಡಿದ ಬಾಗಿಲುಗಳಲ್ಲಿ ಹೆಚ್ಚಿನವರು ಕೊನೆಗೆ ಹೂಂ ಅಂದರು.

"ಎರಡು ಬಾಗಿಲು ತಟ್ಟೋದು, ಅಷ್ಟೇ ಇತ್ತು. ಹೋದ ವರ್ಷಾನೇ ತಟ್ಟಿದ್ರೆ ಸರಪಳೀನೂ ಬೀಳ್ತಿರ್ಲಿಲ್ಲ, ಕಾಗದ ಬಚ್ಚಿಡೋದೂ ಬೇಕಿರ್ಲಿಲ್ಲ. ಆಗ ಹೊಳೀಲಿಲ್ಲ ನೋಡಿ." ನಮಗೂ ಹೊಳೆಯಲಿಲ್ಲ. ವಿಳಾಸ ಅಚ್ಚು ಹಾಕುವಾಗ, ಈ ಮನೆಗೆ ಹಾಲು ಯಾರು ಕೊಡುತ್ತೀರಿ ಎಂದು ಒಂದು ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಹತ್ತೂಕಾಲಿಗೆ ಟೈಲರ್ ಮನೆ ಬರುತ್ತದೆ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯಿಂದ ಕಾಣುವ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದೆ, ಅಳತೆಯ ಟೇಪು ಮೊಳೆಗೆ ನೇತಾಡುತ್ತಿದೆ. ಟೈಲರಮ್ಮ ಕಿಟಕಿಯ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅರವತ್ತರ ಆಸುಪಾಸು. ಜ್ವರದ ಮುಖ. ಗೋಂದಕ್ಕ ಗೇಟಿನ ಒಳಗೆ ಬಂದು ಬಕೆಟ್ ಕೆಳಗಿಟ್ಟು ಬ್ರಷ್ ಎತ್ತಿಕೊಳ್ಳುತ್ತಾರೆ. ನಾನು ಗೇಟಿನಾಚೆ ನಿಲ್ಲುತ್ತೇನೆ.

"ಅಮ್ಮಾ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ಅವತ್ತು ಪಕ್ಕದ್ಮನೇಲಿ ನೋಟಿಸು..."

"ಗೊತ್ತು" ಎನ್ನುತ್ತಾರೆ ಟೈಲರಮ್ಮ. "ಕಂಡಕ್ಟರ್ ಹೇಳಿದ್ರು. ಬಾಗಿಲ ಹಿಂದಿದ್ದಿದ್ದನ್ನ ತೋರಿಸಿದ್ರು. ಕರ್ಕೊಂಡು ಹೋಗಿ ತೋರಿಸಿದ್ರು ನನಗೆ."

ಗೋಂದಕ್ಕನ ಕೈಯಲ್ಲಿದ್ದ ಬ್ರಷ್ಷಿನಿಂದ ಗೋಂದು ಸಿಮೆಂಟಿನ ಮೇಲೆ ತೊಟ್ಟಿಕ್ಕುತ್ತದೆ.

"ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಒಂದು ತಿಂಗಳಿಂದ ಕಾದೆ. ಬರ್ಲಿಲ್ಲ ನೀನು."

"ತಪ್ಪಾಯ್ತಮ್ಮ. ಒಳ್ಳೇದು ಅಂದ್ಕೊಂಡು ಮಾಡಿದೆ."

"ಒಳ್ಳೇದು ಅಂದ್ಕೊಂಡೇ ಮಾಡಿದೀಯ. ಅದಕ್ಕೇ ನಿನ್ನ ಬೈಯೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ ನನಗೆ." ಕೆಮ್ಮು ಬರುತ್ತದೆ. ಸುಧಾರಿಸಿಕೊಂಡು ಹೇಳುತ್ತಾರೆ: "ಹೊರಗಡೆ ಅಂಟಿಸು. ಒಣಗೋ ತನಕ ಅಲ್ಲೇ ನಿಂತಿರು."

ಗೋಂದಕ್ಕ ಬಾಗಿಲಿಗೆ ಗೋಂದು ಬಳಿದು, ಮೊದಲು ನಾಲ್ಕು ಮೂಲೆ ಒತ್ತಿ, ನಡುವಿನಿಂದ ಹೊರಕ್ಕೆ ಬ್ರಷ್ ಎಳೆದು, ಒಂದು ಗುಳ್ಳೆಯೂ ಇಲ್ಲದ ಹಾಗೆ ಅಂಟಿಸುತ್ತಾರೆ. ಫೋಟೊ ತೆಗೆಯುತ್ತಾರೆ. ನಿಲ್ಲುತ್ತಾರೆ. ಕಿಟಕಿಯ ಒಳಗೆ ಒಬ್ಬರು, ಹೊರಗೆ ಒಬ್ಬರು. ಪಟ್ಟಿಯಲ್ಲಿ ಇನ್ನೂ ನಲವತ್ತೊಂದು ಬಾಗಿಲಿವೆ. ಈ ನಡುವೆ ಪಕ್ಕದ ಮನೆಯಿಂದ ಕಂಡಕ್ಟರ್ ಹೊರಗೆ ಬಂದು, ಬಾಗಿಲ ಮೇಲಿನ ಕೆಂಪು ಕಾಗದವನ್ನು ಓದಿ, ಒಳಗೆ ಹೋಗಿ ಅವತ್ತಿನ ಪತ್ರಿಕೆ ತಂದು ಗೇಟಿನ ಸರಳಿಗೆ ಸಿಕ್ಕಿಸುತ್ತಾರೆ. "ಹಾಲು ನಾನೇ ತಂದಿಡ್ತೀನಿ, ನೀವು ಕೇಳೋದೇ ಬೇಡ" ಎಂದು ಗೋಂದಕ್ಕನಿಗೆ ಹೇಳಿ, ಮುಖ ತಗ್ಗಿಸಿಕೊಂಡು ಹೋಗುತ್ತಾರೆ.

"ಒಣಗಿತಾ?" ಒಳಗಿನಿಂದ ದನಿ.

ಗೋಂದಕ್ಕ ಉಗುರಿನಿಂದ ಕೆಳಗಿನ ಮೂಲೆಯನ್ನು ಮುಟ್ಟಿ ನೋಡುತ್ತಾರೆ. "ಒಣಗಿತಮ್ಮ."

"ಸರಿ, ಹೋಗು. ಉಳಿದ ಮನೆಯವ್ರು ಕಾಯ್ತಿರ್ತಾರೆ."

ಬೀದಿಯ ತಿರುವಿನಲ್ಲಿ ಅವರು ಬಕೆಟ್ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನಿಮಗೇನು ಬೇಕು ಎಂದು ಇಂಥ ಲೇಖನಗಳ ಕೊನೆಯಲ್ಲಿ ಕೇಳುವುದುಂಟು. ನಾನು ಕೇಳಲಿಲ್ಲ. ಅವರಾಗಿಯೇ ಹೇಳಿದರು.

"ಹದಿನಾಲ್ಕನೇ ದಿನ ಆ ಕಾಗದ ಕೀಳೋಕೆ ನಾನೇ ಬರ್ತೀನಿ ಸರ್. ಬೇರೆ ಯಾರನ್ನೂ ಕಳಿಸ್ಬೇಡಿ ಅಂತ ಸಾಹೇಬ್ರಿಗೆ ಹೇಳ್ತೀನಿ. ಬಂದು ಬಾಗಿಲು ತಟ್ತೀನಿ. ತೆಗೆಯೋರು ಟೈಲರಮ್ಮನೇ ಆಗಿರ್ಬೇಕು. ಅಷ್ಟೇ."